ಪುಂಜಾಲಕಟ್ಟೆಯಲ್ಲಿ ನಿಂತ ಪೆಟ್ಟಿಗೆ

ಫಾಯಿಝಾ ಜೋರಿನ ಹೆಂಗಸು. ಬಿ.ಸಿ.ರೋಡಿನ ಬಸ್ ನಿಲ್ದಾಣದ ಎದುರು, ಮಹಡಿಯ ಮೇಲೆ ಅವಳ ಕಂಪ್ಯೂಟರ್ ರಿಪೇರಿ ಅಂಗಡಿ. ಕೆಳಗೆ ಬಸ್ಸಿನ ಏಜೆಂಟರು ಎಷ್ಟೇ ಬೊಬ್ಬೆ ಹಾಕಲಿ, ಮೇಲಿಂದ ಅವಳು ಗಿರಾಕಿಗೆ ಬೈಯುವುದು ಸ್ಪಷ್ಟವಾಗಿ ಕೇಳುತ್ತದೆ. ಮೂಡುಬಿದಿರೆಯಲ್ಲಿ ಇಂಜಿನಿಯರಿಂಗ್ ಓದಿದವಳು. ದುಬೈಯಲ್ಲಿ ಸ್ವಲ್ಪ ಕಾಲ ಇದ್ದು, ಅಲ್ಲಿನ ಮ್ಯಾನೇಜರನಿಗೂ ಬೈದು ಬಂದಳೆಂದು ಸುದ್ದಿ. ನಾನಂತೂ ನಂಬುತ್ತೇನೆ.

ನಾನು ಜಿತೇಶ್, ಪುಂಜಾಲಕಟ್ಟೆಯಲ್ಲಿ ಸ್ಟುಡಿಯೋ ಇಟ್ಟುಕೊಂಡವನು. ಮದುವೆ ಸೀಸನ್ನಿನಲ್ಲಿ ನಮ್ಮ ಕಸುಬಿನ ಕ್ರಮ ಹೀಗೆ: ಇವತ್ತಿನ ಮದುವೆಯ ಫೋಟೋಗಳನ್ನು ಸಂಜೆ ಸ್ಟುಡಿಯೋದ ಪೆಟ್ಟಿಗೆಗೆ ತುಂಬಿಸುವುದು, ಕ್ಯಾಮೆರಾದ ಕಾರ್ಡನ್ನು ಅಳಿಸುವುದು, ನಾಳೆಯ ಮದುವೆಗೆ ಅದನ್ನೇ ಒಯ್ಯುವುದು. ಪೆಟ್ಟಿಗೆ ಎಂದರೆ ಫಾಯಿಝಾ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಮಾಡಿಕೊಟ್ಟ ಫೋಟೋ ದಾಸ್ತಾನು. "ಇನ್ನೊಂದು ಕಾಪಿ ಇಡಿ, ಜಿತೇಶಣ್ಣ" ಎಂದು ಅವಳು, "ಸೀಸನ್ ಮುಗಿಯಲಿ" ಎಂದು ನಾನು. ಈ ಮಾತು ನಮ್ಮ ನಡುವೆ ಎಷ್ಟು ಸಲ ಆಗಿದೆಯೋ ಲೆಕ್ಕವಿಲ್ಲ.

ಈ ಸಲದ ಮೇ ತಿಂಗಳಲ್ಲಿ ನಾರಾವಿಯ ಸುಬ್ಬಯ್ಯಣ್ಣನ ಮಗಳು ಪ್ರಾಪ್ತಿಯ ಮದುವೆಗೆ ಹೋಗಿದ್ದೆ. ಸುಬ್ಬಯ್ಯಣ್ಣನ ತಾಯಿ ಸೇಸಮ್ಮ ಕ್ಯಾಮೆರಾ ಕಂಡರೆ ಸೆರಗನ್ನು ಮುಖಕ್ಕೆ ಎಳೆದುಕೊಳ್ಳುವವರು. ಮನೆಯಲ್ಲಿ ಅವರದೊಂದು ಫೋಟೋ ಇರಲಿಲ್ಲ. ಆಧಾರ್ ಕಾರ್ಡಿನದ್ದು ಲೆಕ್ಕಕ್ಕಿಲ್ಲ, ಅದರಲ್ಲಿ ಯಾರೂ ತಮ್ಮ ಹಾಗೆ ಕಾಣುವುದಿಲ್ಲ. ಅಂದು ಮೊಮ್ಮಗಳಿಗೆ ಅಕ್ಷತೆ ಹಾಕಿದ ಮೇಲೆ ಅಜ್ಜಿಗೆ ಏನನ್ನಿಸಿತೋ, "ತೆಗಿ ಮಾರಾಯ, ಒಂದು" ಎಂದು ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. ಒಂದೇ ಒಂದು ತೆಗೆದೆ. ಮದುವೆಯ ಚಪ್ಪರ ಬಿಚ್ಚಿದ ಸ್ವಲ್ಪ ದಿನಕ್ಕೆ ಅವರು ತೀರಿಕೊಂಡರು.

ಸುಬ್ಬಯ್ಯಣ್ಣ ಸ್ಟುಡಿಯೋಕ್ಕೆ ಬಂದರು. "ಬೊಜ್ಜದ ದಿನ, ಉತ್ತರಕ್ರಿಯೆಗೆ, ಹೂ ಹಾಕಿ ಇಡ್ಲಿಕ್ಕೆ ಅಮ್ಮನ ಫೋಟೋ ಬೇಕು. ನಿನ್ನ ಹತ್ತಿರ ಉಂಟಲ್ಲ?"

"ಉಂಟುಂಟು" ಎಂದು ಪೆಟ್ಟಿಗೆ ಆನ್ ಮಾಡಿದೆ. ಮದುವೆಯ ಫೋಲ್ಡರ್ ತೆರೆಯುವಷ್ಟರಲ್ಲಿ ಪರದೆ ಕಪ್ಪಾಗಿ, ಬಿಳಿ ಇಂಗ್ಲಿಷ್ ಸಾಲುಗಳು ಸರಸರನೆ ಓಡಿ, ಎಲ್ಲ ನಿಂತುಹೋಯಿತು. ಪೆಟ್ಟಿಗೆಗೆ ಒಂದು ಪೆಟ್ಟು ಕೊಟ್ಟೆ. ಆಫ್ ಮಾಡಿ ಆನ್ ಮಾಡಿದೆ. ಎದ್ದಿತು, ಮತ್ತೆ ನಿಂತಿತು. ಮೂರನೆಯ ಸಲವೂ ಅದೇ ಕತೆ. ಕಾರ್ಡನ್ನು ಅಂದೇ ಅಳಿಸಿದ್ದೆ, ಫೋಟೋ ಇದ್ದರೆ ಈ ಪೆಟ್ಟಿಗೆಯೊಳಗೆ ಮಾತ್ರ ಎಂದು ಅವರಿಗೆ ಹೇಳಿದೆ.

ಪರದೆಯ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಇಬ್ಬರೂ ಬಸ್ಸಿನಲ್ಲಿ ಬಿ.ಸಿ.ರೋಡಿಗೆ ಬಂದೆವು. ಅಂಗಡಿಯ ಕಿಟಕಿಯ ಹತ್ತಿರ, ಎಂದಿನಂತೆ, ಫಾಯಿಝಾಳ ಉಪ್ಪ, ಎಂದರೆ ತಂದೆ, ಹಸೈನಾರ್ ಬ್ಯಾರಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು.

"ಎಷ್ಟು ಸಲ ಆಫ್ ಆನ್ ಮಾಡಿದ್ರಿ?" ಅವಳ ಮೊದಲ ಪ್ರಶ್ನೆ. ಹೇಳಿದೆ. ಪೆಟ್ಟು ಕೊಟ್ಟದ್ದನ್ನೂ ಹೇಳಿದೆ. ಆಮೇಲೆ ಅವಳು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ.

ನನಗೂ ಸಿಟ್ಟು ಬಂತು. "ಇದು ನಿಲ್ಲದ ಹಾಗೆ ಮಾಡಿಕೊಡು ಮಾರಾಯ್ತಿ! ತಪ್ಪಾದರೂ ಓಡಲಿ. ನನಗೆ ಒಂದು ಫೋಟೋ ಸಾಕು."

"ಹಾಗೆ ಓಡಿಸ್ಲಿಕ್ಕೂ ಆಗ್ತದೆ. ನಿಲ್ಲುವ ಹಾಗೆ ಸೆಟ್ಟಿಂಗ್ ಇಟ್ಟದ್ದೇ ನಾನು" ಎಂದಳು. "ಇದರೊಳಗೆ ಕರ್ನೆಲ್ ಅಂತ ಉಂಟು. ಎಲ್ಲ ಪ್ರೋಗ್ರಾಮಿಗೂ ಅದೇ ಯಜಮಾನ. ಬೇರೆ ಪ್ರೋಗ್ರಾಮು ತಪ್ಪು ಮಾಡಿದ್ರೆ ಅದನ್ನು ಹೊರಗೆ ಹಾಕಿ ಇದು ಮುಂದೆ ಹೋಗ್ತದೆ. ಆದರೆ ಕರ್ನೆಲಿನದ್ದೇ ತಲೆ ತಪ್ಪಿದ್ರೆ? ಅದನ್ನು ಹೊರಗೆ ಹಾಕ್ಲಿಕ್ಕೆ ಮೇಲೆ ಯಾರೂ ಇಲ್ಲ. ಡಿಸ್ಕಿಗೆ ಬರೆಯುವುದೂ ಅದೇ. ತನಗೆ ನೆನಪಿರುವುದು ಸರಿಯಾ ತಪ್ಪಾ ಅಂತ ಅದಕ್ಕೇ ಗೊತ್ತಿಲ್ಲದೆ ಓಡಿದ್ರೆ, ಅಜ್ಜಿಯ ಮುಖದ ಮೇಲೆಯೇ ಕಸ ಬರೆದು ಹಾಕೀತು."

ನನ್ನ ಮೊಬೈಲಿನ ಫೋಟೋವನ್ನು ದೊಡ್ಡದು ಮಾಡಿ ಒಂದು ಸಾಲು ತೋರಿಸಿದಳು. ಅದರಲ್ಲಿ ಪ್ಯಾನಿಕ್ ಎಂದಿತ್ತು. ಗಾಬರಿ ಎಂದು ನನಗೂ ಗೊತ್ತು. ಅದರ ಪಕ್ಕದಲ್ಲೇ 'ನಾಟ್ ಸಿಂಕಿಂಗ್' ಎಂದಿತ್ತು. "ಇನ್ನು ನಾನು ಡಿಸ್ಕಿಗೆ ಏನನ್ನೂ ಬರೆಯುವುದಿಲ್ಲ ಅಂತ ಹೇಳಿ ನಿಂತದ್ದು ಇದು. ನೀವು ಇಂಥದ್ದಕ್ಕೆ ಹೊಡೆದದ್ದು" ಎಂದಳು.

ಇಷ್ಟು ವರ್ಷ ಇಂಥ ಸಾಲುಗಳನ್ನು ಯಂತ್ರದ ಗೊಣಗಾಟವೆಂದುಕೊಂಡಿದ್ದೆ. ಅವಳು ಇನ್ನೊಂದು ಹೇಳಿದಳು. ಪೆಟ್ಟಿಗೆ ಆನ್ ಆದಾಗಲೇ ಅದರ ನೆನಪಿನ, ಎಂದರೆ ರ‍್ಯಾಮಿನ, ಒಂದು ಮೂಲೆಯಲ್ಲಿ ಸಣ್ಣ ಕರ್ನೆಲೊಂದನ್ನು ಇಟ್ಟಿರುತ್ತಾರಂತೆ. ದೊಡ್ಡದು ಆ ಮೂಲೆಯನ್ನು ಮುಟ್ಟುವಂತಿಲ್ಲ. ಎಲ್ಲ ಸರಿ ಇದ್ದರೆ ಸಣ್ಣದಕ್ಕೆ ಜೀವಮಾನವಿಡೀ ಕೆಲಸವೇ ಇಲ್ಲ. ದೊಡ್ಡದು ಕೈಚೆಲ್ಲಿದ ಕ್ಷಣ ಮಾತ್ರ ಅದು ಎದ್ದು, ಏನಾಗಿತ್ತೆಂಬುದನ್ನು ಇದ್ದ ಹಾಗೆಯೇ ಬೇರೊಂದು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಒಂದು ತಗಡಿನ ಪೆಟ್ಟಿಗೆಯ ಒಳಗೆ ಯಾರೋ ಇಷ್ಟು ದೂರ ಯೋಚಿಸಿಟ್ಟಿದ್ದಾರಲ್ಲ ಎಂದು ನಾನು ಬಾಯಿ ಬಿಟ್ಟುಕೊಂಡು ಕೂತೆ.

"ನಿಲ್ಲುವಂಥದ್ದನ್ನೇ ನೀನು ಯಾಕೆ ಹುಡುಕಿ ಇಟ್ಟದ್ದು?" ಎಂದು ಕೇಳಿದೆ.

ಅವಳು ಸ್ವರ ತಗ್ಗಿಸಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು. "ಉಪ್ಪ ಬೆಳ್ತಂಗಡಿ ಲೈನಿನಲ್ಲಿ ಬಸ್ಸು ಬಿಡ್ತಿದ್ದದ್ದು ನಿಮಗೆ ಗೊತ್ತಲ್ಲ."

ಗೊತ್ತು. ಇಡೀ ಪುಂಜಾಲಕಟ್ಟೆಗೆ ಗೊತ್ತು. ನಮ್ಮ ಕಡೆಯ ಖಾಸಗಿ ಬಸ್ಸಿಗೆ ಟೈಮ್ ಎಂದರೆ ಟೈಮ್. ಸ್ವಲ್ಪ ತಡವಾದರೆ ಹಿಂದಿನ ಬಸ್ಸಿನವರು ಜಗಳಕ್ಕೇ ಬರುತ್ತಾರೆ. ಅಂಥದ್ದರಲ್ಲಿ ಒಂದು ಮಧ್ಯಾಹ್ನ ಹಸೈನಾರ್ ಬ್ಯಾರಿ ತುಂಬಿದ ಬಸ್ಸನ್ನು ನಮ್ಮ ಪುಂಜಾಲಕಟ್ಟೆ ಪೇಟೆಯ ಬದಿಗೆ ಹಾಕಿ, ಕೀಯನ್ನು ಕಂಡಕ್ಟರನ ಕೈಗಿಟ್ಟು, "ನನ್ನ ಕಣ್ಣಿನ ಮೇಲೆ ನನಗೆ ನಂಬಿಕೆ ಇಲ್ಲ, ಇಳಿಯಿರಿ" ಎಂದರು. ಜನ ಬಾಯಿಗೆ ಬಂದಂತೆ ಬೈದರು. ಬಸ್ಸಿನ ಯಜಮಾನರು ಮರುದಿನದಿಂದ ಕೆಲಸಕ್ಕೆ ಬರಬೇಡವೆಂದರು. ಕಣ್ಣು ನಿಜವಾಗಿಯೂ ಹೋಗುತ್ತಿತ್ತೆಂದು ಆಸ್ಪತ್ರೆಯಲ್ಲಿ ಹೇಳಿದ್ದು ಆಮೇಲೆ.

"ಉಪ್ಪನಿಗೆ ನಿಲ್ಲಿಸಿ ಅಂತ ಹೇಳ್ಲಿಕ್ಕೆ ಆ ಬಸ್ಸಿನಲ್ಲಿ ಯಾರಿದ್ರು?" ಎಂದು ಫಾಯಿಝಾ ಸ್ಕ್ರೂ ಬಿಚ್ಚಲು ಕೂತಳು.

ಸಣ್ಣ ಕರ್ನೆಲ್ ಬರೆದಿಟ್ಟದ್ದನ್ನು ಓದಿದಳು. ಪ್ರತಿ ಸಲವೂ ತಪ್ಪು ಬೇರೆ ಬೇರೆ ಕಡೆ. ಹಾಗಾದರೆ ದೋಷ ಪ್ರೋಗ್ರಾಮಿನದ್ದಲ್ಲ, ರ‍್ಯಾಮಿನದ್ದಿರಬೇಕು ಎಂದು ಪರೀಕ್ಷೆ ಮಾಡಿ, ಕೆಟ್ಟ ರ‍್ಯಾಮನ್ನು ಕಿತ್ತು ಮೇಜಿನ ಮೇಲಿಟ್ಟಳು. ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ, ಓದಲು ಮಾತ್ರ ಬಿಟ್ಟು, ಬರೆಯಲು ಬಿಡದೆ ತೆರೆದಳು. ಊಟದ ಪಂಕ್ತಿಯ ಒಂದು ಫೋಟೋ ಅರ್ಧ ಹಸಿರಾಗಿ ಬಂತು. ಪೆಟ್ಟಿಗೆ ನಿಲ್ಲುವ ಮೊದಲೇ ಬಿದ್ದ ಕಸವಂತೆ ಅದು. ಎರಡು ಮೂರು ಫೋಟೋ ದಾಟಿದ ಮೇಲೆ ಸೇಸಮ್ಮ ಬಂದರು.

ಎಲ್ಲೂ ಒಂದು ಗೀರಿಲ್ಲ. ಸೆರಗು ಹೆಗಲ ಮೇಲೆಯೇ ಇತ್ತು. ನೆಟ್ಟ ನೋಟದಲ್ಲಿ ನಮ್ಮನ್ನೇ ನೋಡುತ್ತಿದ್ದರು. ಸುಬ್ಬಯ್ಯಣ್ಣ "ಅಮ್ಮ" ಎಂದರು.

ಕಿಟಕಿಯ ಕಡೆಯಿಂದ ಹಸೈನಾರ್ ಬ್ಯಾರಿ ಕೇಳಿದರು: "ಎಲ್ಲಿ ನಿಂತದ್ದಂತೆ ಅದು?"

"ಪುಂಜಾಲಕಟ್ಟೆಯಲ್ಲಿ, ಉಪ್ಪ."

ಮುದುಕರು ನಮ್ಮ ಕಡೆಗೆ ಮುಖ ತಿರುಗಿಸಿದರು. "ಒಳಗಿದ್ದವರಿಗೆ ಯಾರಿಗೂ ಏನೂ ಆಗ್ಲಿಲ್ಲ ಅಲ್ಲ?"

ಸುಬ್ಬಯ್ಯಣ್ಣ ಎದ್ದು ಹೋಗಿ ಅವರ ಎರಡೂ ಕೈ ಹಿಡಿದುಕೊಂಡರು. "ಇಲ್ಲ ಬ್ಯಾರಿಯವರೇ. ಯಾರಿಗೂ ಏನೂ ಆಗ್ಲಿಲ್ಲ."