ಟೇಪಕ್ಕನ ಗಟ್ಟಿ ಮನಸ್ಸು

ಬೀದಿಯ ತುದಿಯ ಹೊಲಿಗೆ ಅಂಗಡಿಯವಳಿಗೆ ಟೇಪಕ್ಕ ಎಂದೇ ಹೆಸರು. ತನ್ನ ಮೈ ಭಾರವಿದ್ದಷ್ಟು ಕಾಲ ಅವಳು ಗಿರಾಕಿಗಳ ಸೊಂಟದ ಅಳತೆಯನ್ನು ತುಟಿ ಪಿಟಕ್ಕೆನ್ನದೆ ಬರೆದುಕೊಂಡಳು. ವರ್ಷದೊಳಗೆ ಹದಿನೆಂಟು ಕಿಲೋ ಇಳಿದದ್ದೇ ತಡ, ಟೇಪಿಗಿಂತ ನಾಲಗೆ ಉದ್ದವಾಯಿತು.

“ಏನಕ್ಕಾ ಗುಟ್ಟು?” ಎಂದವರಿಗೆಲ್ಲ, “ಗುಟ್ಟೇನು ಬಂತು? ಬಾಯಿಗೆ ಬೀಗ ಹಾಕ್ದೆ, ಅಷ್ಟೇ” ಎನ್ನುತ್ತಿದ್ದಳು.

ಗುಟ್ಟು ಅವಳ ಮನೆಯ ಫ್ರಿಜ್ಜಿನಲ್ಲಿ, ಬೆಣ್ಣೆ ಡಬ್ಬಿಯ ಹಿಂದಿತ್ತು. ವಾರಕ್ಕೊಮ್ಮೆ ಹೊಟ್ಟೆಗೆ ಚುಚ್ಚಿಕೊಳ್ಳುವ ಇಂಜೆಕ್ಷನ್. ಹೊಟ್ಟೆ ತುಂಬಿದೆ ಎಂದು ಮಿದುಳಿಗೆ ಅದೇ ಹೇಳುತ್ತದೆ, ಹಸಿವು ತಾನಾಗಿ ತಗ್ಗುತ್ತದೆ ಎಂದು ಡಾಕ್ಟರು ವಿವರಿಸಿದ್ದರು. “ಬಿಪಿಗೆ ಮಾತ್ರೆ ತಗೊಳ್ಳಲ್ವಾ, ಹಾಗೇ ಇದು. ನಾಚ್ಕೊಳ್ಳೋದೇನಿಲ್ಲ” ಎಂದೂ ಹೇಳಿದ್ದರು. ಆದರೂ ಸೂಜಿಯಿಂದ ಇಳಿದೆ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಹೊಗಳಿಕೆಯ ರುಚಿ ಹತ್ತಿಬಿಟ್ಟಿತ್ತು. ಯಾರಿಗೂ ಹೇಳಬಾರದೆಂದು ಗಂಡನಿಂದಲೂ ಆಣೆ ಹಾಕಿಸಿಕೊಂಡಿದ್ದಳು.

ಅದೇ ಅಂಗಡಿಯಲ್ಲಿ ಗುಂಡಿ ಹೊಲಿದು ಇಸ್ತ್ರಿ ಹಾಕುತ್ತಿದ್ದ ತಂಗಿಯೂ ದಪ್ಪ. ಅಕ್ಕನ ಮಾತೆಂದರೆ ಅವಳಿಗೆ ವೇದವಾಕ್ಯ. ಅವಳೂ ಬಾಯಿಗೆ ಬೀಗ ಹಾಕಲು ಹೊರಟಳು. ತಿಂಗಳಾದ ಮೇಲೆ ಅಕ್ಕ ಗಿರಾಕಿಗಳೆದುರೇ ಅವಳ ಸೊಂಟಕ್ಕೆ ಟೇಪು ಸುತ್ತಿ, “ಒಂದಿಂಚೂ ಇಳಿದಿಲ್ಲ. ಕದ್ದು ತಿಂತಿದೀಯ ನೀನು” ಎಂದಳು. ಎಲ್ಲರೂ ನಕ್ಕರು. ತಂಗಿಯೂ ನಕ್ಕಳು.

ಮೂರನೆಯ ದಿನ ಮಧ್ಯಾಹ್ನ ಅವಳು ಇಸ್ತ್ರಿ ಮೇಜಿನ ಪಕ್ಕದಲ್ಲೇ ಕುಸಿದಳು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅಕ್ಕ ಮುಖಕ್ಕೆ ನೀರು ಚಿಮುಕಿಸಿದಳು, ಕಣ್ಣು ಬಿಟ್ಟ ಮೇಲೆ ಸಕ್ಕರೆ ನೀರು ಕುಡಿಸಿದಳು. ತಂಗಿ ಅಳತೊಡಗಿದಳು.

“ನೀನು ಅಳತೆ ತೆಗ್ದಾಗಿಂದ ಬರೀ ನೀರು ಕುಡ್ಕೊಂಡಿದೀನಿ ಅಕ್ಕ. ಅದಕ್ಕೆ ಮುಂಚೆ ಕದ್ದು ತಿಂದಿದ್ದು ನಿಜ. ಬಚ್ಚಲಲ್ಲಿ ಚಿಲಕ ಹಾಕ್ಕೊಂಡು ಬ್ರೆಡ್ಡು ತಿಂತಿದ್ದೆ. ನಿಂಗಿರೋ ಗಟ್ಟಿ ಮನಸ್ಸು ನಂಗಿಲ್ಲ.”

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಟೇಪಕ್ಕನಿಗೆ. ಅಷ್ಟು ನಾಚಿಕೆ ಅವಳಿಗೆ ದಪ್ಪಗಿದ್ದಾಗಲೂ ಆಗಿರಲಿಲ್ಲ.

“ಗಟ್ಟಿ ಮನಸ್ಸೂ ಇಲ್ಲ, ಮಣ್ಣೂ ಇಲ್ಲ ಕಣೇ,” ಎಂದಳು. “ಇಂಜೆಕ್ಷನ್ ತಗೋತಿದೀನಿ. ನಂಗೆ ಹಸಿವೇ ಸರಿಯಾಗಿ ಆಗಲ್ಲ.”

ತಂಗಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಹಾಗಾದ್ರೆ ಅಕ್ಕ, ನೀನು ತಡ್ಕೊಂಡಿದ್ದು ಏನನ್ನ?” ಎಂದಷ್ಟೇ ಕೇಳಿದಳು.

ಟೇಪಕ್ಕ ತನ್ನ ಬುತ್ತಿಯ ಊಟವನ್ನು ತಟ್ಟೆಗೆ ಹಾಕಿ ಅವಳ ಮುಂದಿಟ್ಟಳು. ತಂಗಿ ತಟ್ಟೆ ಎತ್ತಿಕೊಂಡು, ಅಕ್ಕನಿಗೆ ಬೆನ್ನು ಮಾಡಿ, ಗೋಡೆಯ ಕಡೆ ತಿರುಗಿ ಕೂತು ಗಬಗಬನೆ ತಿಂದಳು. ಈ ಕಡೆ ತಿರುಗಿ ಕೂತು ತಿನ್ನು ಎಂದು ಹೇಳಲು ಟೇಪಕ್ಕನಿಗೆ ಮುಖವಿರಲಿಲ್ಲ.