ಬೋರ್ಡು ಬೇಡವೆನ್ನುವ ಮಾರೇಶ

ಬ್ರೂಸ್‌ಪೇಟೆಯ ಸುತ್ತ ಜೀನ್ಸ್ ಪ್ಯಾಂಟಿಗೆ ಗುಂಡಿ ಹೊಡೆಯುವ ಮಷಿನ್ನುಗಳನ್ನು ಜೋಡಿಸಿಕೊಡುವ ಮಾರೇಶನಿಗೆ ಮನುಷ್ಯನ ಎಚ್ಚರದ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ಮಷಿನ್ನು ಸಿದ್ಧವಾದೊಡನೆ ಅದನ್ನು ಪರೀಕ್ಷಿಸಲು ತಾನೇ ತೂಕಡಿಸುವವನಾಗುತ್ತಾನೆ, ಮನೆಯಲ್ಲಿ ಜಗಳವಾಡಿ ಬಂದವನಾಗುತ್ತಾನೆ, ಬೆರಳಿನ ಜಾಗದಲ್ಲಿ ಬೆಂಡೆಕಾಯಿಯಿಟ್ಟು ಬೇಕೆಂತಲೇ ತಪ್ಪು ಒತ್ತುತ್ತಾನೆ. ಬೆಂಡೆಕಾಯಿ ಜಜ್ಜಿಹೋಯಿತೋ, ಇಡೀ ಮಷಿನ್ನು ಮತ್ತೆ ಬಿಚ್ಚುತ್ತಾನೆ. ಎರಡೂ ಕೈಯಿಂದ ಎರಡು ಸ್ವಿಚ್ಚು ಒತ್ತಿದರಷ್ಟೇ ಓಡುವಂತೆ ಮಾಡಿದಾಗ, ಬೇಗ ಮುಗಿಸುವ ಆತುರಕ್ಕೆ ಮಷಿನ್ನಿಗೆ ಕೂರುವ ಹೆಂಗಸರು ಒಂದು ಸ್ವಿಚ್ಚನ್ನು ಬಟ್ಟೆಚೂರಿನಿಂದ ಬಿಗಿದುಬಿಟ್ಟರು. ಅವನು ಬೈಯಲಿಲ್ಲ. "ಭಲೇ ಅಕ್ಕಾ, ನನಗಿದು ಹೊಳದಿದ್ದಿಲ್ಲ ನೋಡ್ರಿ" ಎನ್ನುತ್ತ, ಪ್ರತಿ ಗುಂಡಿಗೂ ಎರಡನ್ನೂ ಬಿಟ್ಟು ಮತ್ತೆ ಒತ್ತಲೇಬೇಕಾಗುವಂತೆ ತಿದ್ದಿದ. "ಹುಷಾರ್ ಅಂತ ಒಂದು ಬೋರ್ಡ್ ಹಾಕಿದ್ರ ಸಾಕಾಗಿತ್ತಲ್ಲೋ ಮಾರೇಶ" ಎಂದು ಮಾಲೀಕರು ಗೊಣಗಿದರೆ ಮಾತ್ರ ಅವನ ಹುಬ್ಬು ಗಂಟಾಗುತ್ತದೆ: "ಬೋರ್ಡು ಬಂದು ಕೈ ಹಿಡಿಯಂಗಿಲ್ರಿ ಸಾವ್ಕಾರ್ರ." ಅವನು ಜೋಡಿಸಿದ ಮೊದಲ ಮಷಿನ್ನಿಗೆ ಅಂಥದೇ ತಗಡಿನ ಬೋರ್ಡಿತ್ತು, ಕೆಂಪಕ್ಷರ ಅವನದೇ. ಈಗದು ಮನೆಯಲ್ಲಿ ಹಿಟ್ಟಿನ ಡಬ್ಬಿಗೆ ಮುಚ್ಚಳ. ಆಗೆಲ್ಲ ದಿನವೂ ಅದನ್ನು ಓದಿಯೇ ಆ ಮಷಿನ್ನಿಗೆ ಕೂರುತ್ತಿದ್ದ ಹೆಂಡತಿ ನಂದಿನಿ, ರೊಟ್ಟಿ ತಟ್ಟುವ ಹೊತ್ತಿಗೆ ಆ ಮುಚ್ಚಳವನ್ನು ಬಲಗೈಯಲ್ಲಿ ಉಳಿದಿರುವ ಮೂರು ಬೆರಳಿನಿಂದ ಎತ್ತುತ್ತಾಳೆ.