ಕುಸುಬಿ ಎಣ್ಣೆ ಕುಡಿದ ಮಿಶನ್ನು

ಅಳವಂಡಿಯ ಮಲ್ಲೇಶ್ವರಿ ಸೀರೆಗೆ ಫಾಲ್ ಹಚ್ಚುತ್ತಾಳೆ, ಸೆರಗಿನ ಅಂಚಿಗೆ ಜಿಗ್‌ಜಾಗ್ ಹೊಡೆಯುತ್ತಾಳೆ. ಅವಳ ಮಿಶನ್ನು ಅವಳಿಗಿಂತ ಹಿರಿಯದು. ಅಂಗಡಿ ಮುಚ್ಚಿದ ಕೊಪ್ಪಳದ ದರ್ಜಿಯೊಬ್ಬನಿಂದ ಕೊಂಡದ್ದು. ಕಬ್ಬಿಣದ ಮೈ, ಕಾಲಿನಿಂದ ತುಳಿಯುವಂಥದ್ದು. ಪಕ್ಕದ ಸಣ್ಣ ಹಿಡಿಯನ್ನು ಸರಿಸಿದರೆ ಸೂಜಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಿಗಿದು, ನೂಲು ಬಿಚ್ಚದಂತೆ ಅಂಚನ್ನು ಕಟ್ಟುತ್ತದೆ. ದಿನದ ಕೆಲಸ ಮುಗಿದ ಮೇಲೆ ಅವಳು ಸೂಜಿಯ ಕೆಳಗಿನ ತಗಡು ಬಿಚ್ಚಿ, ಹಳೆಯ ಬ್ರಶ್ಶಿನಿಂದ ನೂಲಿನ ಚೂರು, ದೂಳು ತೆಗೆಯುತ್ತಾಳೆ. ಮಿಶನ್ ಎಣ್ಣೆ ಹನಿಸುತ್ತಾಳೆ. ಹೆಚ್ಚಾದ ಎಣ್ಣೆ ಚಿಂದಿಗೆ ಇಳಿಯುವವರೆಗೆ ಸುಮ್ಮನೆ ತುಳಿದು ಏಳುತ್ತಾಳೆ.

ಹೋದ ವರ್ಷ ಪಂಚಮಿಗೆಂದು ಕುಷ್ಟಗಿಯ ತವರಿಗೆ ಹೋದವಳು ತಂಗಿಯ ಬಾಣಂತನ ಮುಗಿಯುವವರೆಗೆ ಅಲ್ಲೇ ಉಳಿದಳು. ಇತ್ತ ಅತ್ತೆ ವಿರೂಪಾಕ್ಷಮ್ಮ ಸೋಮವಾರ ಸೋಮವಾರ ಮಿಶನ್ನಿಗೆ ವಿಭೂತಿ ಹಚ್ಚಿ, ದೇವರ ದೀಪಕ್ಕೆ ಹಾಕಿ ಉಳಿದ ಕುಸುಬಿ ಎಣ್ಣೆಯನ್ನು ಅದರ ತೂತುಗಳಿಗೆ ಎರೆದಳು. ಸೊಸೆ ಇಲ್ಲದಾಗ ಅದು ಒಣಗಬಾರದೆಂಬುದು ಅವಳ ಕಾಳಜಿ. ಆ ಎಣ್ಣೆ ಒಳಗೆ ಮೊದಲು ಅಂಟಾಯಿತು, ಆಮೇಲೆ ಅರಗಿನಂತೆ ಗಟ್ಟಿಯಾಯಿತು.

ಮಲ್ಲೇಶ್ವರಿ ಮರಳಿದ ಕೂಡಲೇ ಓಣಿಯ ಶೈಲಶ್ರೀ ತನ್ನ ಮಗಳು ಐಶ್ವರ್ಯಳ ಮದುವೆಯ ಸೀರೆಗಳನ್ನೆಲ್ಲ ತಂದಿಟ್ಟಳು. ಮಿಶನ್ನು ಭಾರವಾಗಿ ತಿರುಗಿತು. ಸೂಜಿ ನೆಟ್ಟಗೆ ಇಳಿಯಿತು, ಪಕ್ಕಕ್ಕೆ ಜಿಗಿಯಲಿಲ್ಲ. ಹಿಡಿ ಅಲುಗಲೇ ಇಲ್ಲ.

ಕೊಪ್ಪಳದಿಂದ ರಿಪೇರಿಯ ಶಫೀಸಾಬ ಬಂದು, ಮೇಲಿನ ಮುಚ್ಚಳ ಬಿಚ್ಚಿ ಮೂಸಿದ.

“ಇದಕ್ಕ ಒಗ್ಗರಣಿ ಯಾರು ಹಾಕ್ಯಾರವಾ?”

“ನಾನ ಹಾಕೀನಪಾ,” ಎಂದಳು ವಿರೂಪಾಕ್ಷಮ್ಮ ಒಳಗಿನಿಂದ. “ನಾವು ಉಣ್ಣೂ ಎಣ್ಣಿ. ಕೆಟ್ಟದ್ದೇನ ಹಾಕಿಲ್ಲ.”

ಶಫೀಸಾಬ ನಕ್ಕ. ಮಲ್ಲೇಶ್ವರಿಗೆ ಮಾತ್ರ ದನಿ ತಗ್ಗಿಸಿ ಹೇಳಿದ. ಇಕ್ಕಳ ಹಾಕಿ ತಿರುವಿದರೆ ಹಿಡಿ ಈಗಲೇ ಸರಿದೀತು. ಆದರೆ ಒಳಗಿನ ಚಕ್ರ ಒಡೆದರೆ ಅಂಥದ್ದು ಮತ್ತೆ ಎಲ್ಲಿಯೂ ಸಿಗುವುದಿಲ್ಲ. ಇಲ್ಲವೆಂದರೆ ಸೀಮೆಎಣ್ಣೆ ಬಿಟ್ಟು ಅಂಟು ಕರಗುವವರೆಗೆ ದಿನಗಟ್ಟಲೆ ಕಾಯಬೇಕು. ಮದುವೆ ಅದೇ ವಾರ ಇತ್ತು. ಈ ಸೀರೆಗಳು ಪೇಟೆಯ ಕರೆಂಟ್ ಮಿಶನ್ನಿಗೆ ಹೋದರೆ ಓಣಿಯ ಉಳಿದ ಸೀರೆಗಳೂ ಹಿಂದೆಯೇ ಹೋಗುತ್ತವೆಂದು ಅವಳಿಗೆ ಗೊತ್ತಿತ್ತು.

“ಇಕ್ಕಳ ಚೀಲದಾಗ ಇಡ್ರಿ ಕಾಕಾ. ಸೀಮಿಎಣ್ಣಿನ ಬಿಡ್ರಿ,” ಎಂದಳು.

ಅಂದೇ ಸೀರೆಗಳನ್ನು ಹೊಲಿಯದೆ ಮಡಚಿ ತಾನೇ ಒಯ್ದು ಮರಳಿ ಕೊಟ್ಟಳು. ಶೈಲಶ್ರೀ ಬೈಯಲಿಲ್ಲ. ಮಿಶನ್ನಿಗೂ ವಯಸ್ಸಾಗುತ್ತದಲ್ಲವೇ ಎಂದಷ್ಟೇ ಅಂದಳು.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಹಿಡಿ ಮೆಲ್ಲಗೆ ಸರಿಯಿತು. ಚಿಂದಿಯ ಮೇಲೆ ಸೂಜಿ ಎಡಬಲ ಜಿಗಿದು ಹೊಲಿಯಿತು, ಆದರೆ ಕರಗಿದ ಕಂದು ಅಂಟು ಇನ್ನೂ ಒಸರುತ್ತಿತ್ತು. ಪರರ ಸೀರೆಯನ್ನು ಅದರ ಕೆಳಗೆ ಇಡುವಂತಿರಲಿಲ್ಲ. ನಿಂತು ನೋಡುತ್ತಿದ್ದ ವಿರೂಪಾಕ್ಷಮ್ಮ ಟ್ರಂಕು ತೆರೆದು ತನ್ನ ಇಳಕಲ್ಲ ಸೀರೆ ತಂದಳು.

“ಇದಕ್ಕ ಹೊಡಿ.”

“ಎಣ್ಣಿ ಕಲಿ ಬೀಳತೈತಿ ಅತ್ತಿ.”

“ಬಿದ್ದರ ಬೀಳ್ಲಿ. ಎಣ್ಣಿ ನಂದು, ಸೀರಿನೂ ನಂದು.”

ಕಲೆ ಒಂದೇ ಕಡೆ ಬಿತ್ತು. ಮರುದಿನ ಅತ್ತೆ ಅದನ್ನೇ ಉಟ್ಟು ಐಶ್ವರ್ಯಳ ಮದುವೆಗೆ ಹೋದಳು. ಊಟದ ಸಾಲಿನಲ್ಲಿ ಕುಳಿತ ಹೆಂಗಸರಿಗೆಲ್ಲ, ಕೇಳದವರಿಗೂ, ಸೆರಗಿನ ಅಂಚು ಹಿಡಿದು ಸೊಸೆಯ ಹೊಲಿಗೆ ತೋರಿಸಿದಳು. ಕಲೆಯ ಮೇಲೆ ಅವಳ ಹೆಬ್ಬೆರಳಿತ್ತು.